ಇಲ್ಲಿ ಯಾರೂ ಹೊರಗೆ ಕೂರಬಾರದು

"ನಿಮ್ಮಲ್ಲಿ ಹೊರಗೆ ಕೂರ್ತಾರಾ?"

ರಾಜಾಜಿನಗರದಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟ ವಿಶಾಲಾಕ್ಷಮ್ಮನವರು ಕೇಳಿದ ಮೊದಲ ಪ್ರಶ್ನೆ ಇದು. ನನ್ನ ಹೆಸರನ್ನೂ ಊರನ್ನೂ ಆಮೇಲೆ ಕೇಳಿದರು. ಹೆಗಲಿಗೆ ಚೀಲ ಹಾಕಿಕೊಂಡು, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಗೇಟಿನಲ್ಲಿ ನಿಂತಿದ್ದ ನನಗೆ ಇದೆಂಥ ಪ್ರಶ್ನೆ ಅನ್ನಿಸಿತು. ಆದರೂ ಉತ್ತರ ಕಷ್ಟದ್ದೇನಲ್ಲ.

"ಹೂಂನ್ರಿ, ದಿನಾ ಕುಂದರತೇವ್ರಿ. ಸಂಜಿ ಆತಂದ್ರ ಓಣ್ಯಾಗಿನ ಹೆಣ್ಣಮಕ್ಕಳೆಲ್ಲಾ ಕಟ್ಟಿ ಮ್ಯಾಲ ಹೊರಗ ಇರತೇವ್ರಿ."

"ದಿನಾನಾ?"

"ದಿನಾರೀ."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಇಲ್ಲಿ ಬೇಡಮ್ಮ. ಈ ಮನೇಲಿ ಯಾರೂ ಹೊರಗೆ ಕೂರಬಾರದು. ಅದೊಂದು ಒಪ್ಕೊಂಡ್ರೆ ರೂಮ್ ತಗೋ."

ಒಪ್ಪಿಕೊಂಡೆ. ಆ ಮಾತಿನ ಅರ್ಥ ನನಗೆ ತಿಳಿಯಲು ಒಂದು ಗೋಡೆ ಬೀಳಬೇಕಾಯಿತು. ಆ ಗೋಡೆ ನನ್ನ ಕಿವಿಯಲ್ಲಿ ಇನ್ನೂ ಬೀಳುತ್ತಲೇ ಇದೆ. ಬೆಂಗಳೂರು ಹೆಂಗದ, ಎಲ್ಲಿ ಇರ್ತಿ, ಏನು ಉಣ್ತಿ ಎಂದು ಊರಿನವರು ಕೇಳುವಾಗೆಲ್ಲ "ಚಲೋ ಅದ" ಎಂದು ಮಾತು ಮುಗಿಸಿದ್ದೇನೆ. ಇದು ಆಗ ಹೇಳದೆ ಉಳಿಸಿಕೊಂಡದ್ದು.

ನಾನು ಬಂದದ್ದು ಒಬ್ಬ ಲೇಖಕಿಯನ್ನು ಹುಡುಕಿಕೊಂಡು. ಆಕೆಯ ಹೆಸರು ಸುಭದ್ರಮ್ಮ. ಈಗ ನಿಂತುಹೋಗಿರುವ ಒಂದು ಮಹಿಳಾ ಮಾಸಪತ್ರಿಕೆಯಲ್ಲಿ ಆಕೆ ಬಹಳ ವರ್ಷ ಅಂಕಣ ಬರೆದರು. ಅಡುಗೆಮನೆಗೆ ಕಿಟಕಿ ಯಾಕಿಲ್ಲ, ಹೆಂಡತಿಯ ಸಹಿ ಯಾವ ಯಾವ ಕಾಗದಕ್ಕೆ ಬೇಡ, ವಿಧವೆಗೆ ಬಣ್ಣದ ಸೀರೆ ಉಡಿಸಿ ಹೊಗಳಿಸಿಕೊಳ್ಳುವ ಗಂಡಸರು ಅವಳ ಪಾಲಿನ ಜಮೀನಿನ ಮಾತು ಬಂದಾಗ ಎಲ್ಲಿ ಹೋಗುತ್ತಾರೆ, ಇಂಥವೇ ವಿಷಯ. ಗುದ್ದಿದ ಹಾಗಿರುತ್ತಿತ್ತು ಬರವಣಿಗೆ. ಅಂಕಣದ ಕೆಳಗೆ ಸ್ವಂತ ಹೆಸರು ಹಾಕುತ್ತಿರಲಿಲ್ಲ. 'ಹೊರಗಿನವಳು' ಎಂದು ಹಾಕುತ್ತಿದ್ದರು. ನಡುನಡುವೆ, ಈ ಯೋಚನೆ ನಾನು ಹೊರಗಿದ್ದಾಗ ಹೊಳೆದದ್ದು ಎಂಬಂಥ ಸಾಲುಗಳೂ ಬರುತ್ತಿದ್ದವು. ವಯಸ್ಸು ನಲವತ್ತೈದರ ಆಚೀಚೆ ಇದ್ದಾಗ ಇದ್ದಕ್ಕಿದ್ದಂತೆ ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ದೀರ್ಘಕಾಲ ಬದುಕಿದ್ದರೂ ಒಂದಕ್ಷರ ಅಚ್ಚಾಗಲಿಲ್ಲ. ಸಾಹಿತ್ಯ ಚರಿತ್ರೆಗಳಲ್ಲಿ ಆಕೆಗೆ ಒಂದು ಅಡಿಟಿಪ್ಪಣಿಯೂ ಇಲ್ಲ.

"ಯಾಕೆ ನಿಲ್ಲಿಸಿದ್ರು ಅನ್ನೋದಕ್ಕೆ ಉತ್ತರ ಸಿಗದಿದ್ರೆ ನಿಂದು ಥೀಸಿಸ್ ಅಲ್ಲಮ್ಮ, ಕ್ಯಾಟಲಾಗು" ಎಂದಿದ್ದರು ನನ್ನ ಗೈಡ್. ಉತ್ತರ ಹುಡುಕಲು ಕೊಟ್ಟ ಅವಧಿ ಮುಗಿಯುತ್ತ ಬಂದಿತ್ತು. ಅದು ಸಿಗದಿದ್ದರೆ ಫೆಲೋಶಿಪ್ ಮುಂದುವರಿಯುವುದಿಲ್ಲ, ಇಳಕಲ್ಲಿನ ಬಸ್ಸು ಹತ್ತುವುದೊಂದೇ ದಾರಿ.

ಸುಭದ್ರಮ್ಮನ ಮಗಳು ಬದುಕಿದ್ದಾರೆ, ರಾಜಾಜಿನಗರದ ಅದೇ ಮನೆಯಲ್ಲಿ ಇದ್ದಾರೆ ಎಂದು ತಿಳಿದು ಹೋದಾಗ ಗೇಟಿಗೆ ಬಾಡಿಗೆಯ ಬೋರ್ಡು ನೇತಾಡುತ್ತಿತ್ತು. ಆ ಮಗಳೇ ವಿಶಾಲಾಕ್ಷಮ್ಮ. ನಿವೃತ್ತ ಗಣಿತದ ಟೀಚರ್. ಮಹಡಿಯ ಮೇಲೆ ಅವರ ಮಗಳು ದೀಪಾ, ಬ್ಯಾಂಕಿನಲ್ಲಿ ಕೆಲಸ. ಬಂದ ಕಾರಣ ಹೇಳಿದೆ. ವಿಶಾಲಾಕ್ಷಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಅಮ್ಮನ ವಿಷಯ ಬೇಡ. ರೂಮ್ ಬೇಕಾದ್ರೆ ಇದೆ."

ಕೋಣೆ ಮನೆಯ ಹಿಂಭಾಗದಲ್ಲಿತ್ತು. ಗೋಡೆ ಮನೆಗೆ ಅಂಟಿಕೊಂಡಿದ್ದರೂ ಒಳಗಿನಿಂದ ಬಾಗಿಲಿರಲಿಲ್ಲ. ಪಕ್ಕದ ಓಣಿಯಂಥ ಜಾಗದಿಂದ ಬರಬೇಕು. ಹಂಚಿನ ಮಾಡು, ಕೆಂಪು ನೆಲ, ಗೋಡೆಯಲ್ಲೊಂದು ಗೂಡು. ಊರಲ್ಲಿ ನಮ್ಮದು ಮಗ್ಗದ ಮನೆ. ಮಗ್ಗದ ಗುಂಡಿ, ಅಡುಗೆ, ಹಾಸಿಗೆ ಎಲ್ಲ ಒಂದೇ ಕೋಣೆಯಲ್ಲಿ. ಓದಬೇಕೆಂದರೆ ಲಾಳಿಯ ಸದ್ದಿನ ನಡುವೆಯೇ ಓದಬೇಕು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ನನ್ನ ಬದುಕಿನಲ್ಲಿ ಅದೇ ಮೊದಲು. ಮೊದಲ ವಾರ ಸುಮ್ಮಸುಮ್ಮನೆ ಚಿಲಕ ಹಾಕಿ ತೆಗೆಯುತ್ತಿದ್ದೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಸಂಜೆಯಾದರೆ ಎದೆಯೊಳಗೆ ಏನೋ ಖಾಲಿಯಾಗುತ್ತಿತ್ತು. ನಮ್ಮಲ್ಲಿ ಸಂಜೆ ಮಾತನಾಡಲು ಕಾರಣವೇ ಬೇಕಿಲ್ಲ, ಕಟ್ಟೆಯ ಮೇಲೆ ಕೂತರೆ ಸಾಕು. ಇಲ್ಲಿ ಎಲ್ಲರ ಬಾಗಿಲೂ ಮುಚ್ಚಿರುತ್ತದೆ. ಬಾಗಿಲ ಬಳಿ ಎರಡು ಚಂದದ ಮೆಟ್ಟಿಲಿದ್ದರೂ ಹೊರಗೆ ಕೂರಬಾರದೆಂಬ ಕರಾರು. ಹಾಗಾಗಿ ಚಹಾದ ಲೋಟ ಹಿಡಿದು ಮೆಟ್ಟಿಲಿನ ಮೇಲೆ ನಿಂತಿರುತ್ತಿದ್ದೆ. ದೀಪಾ ಒಮ್ಮೆ ಮಹಡಿಯಿಂದ ಬಗ್ಗಿ ನೋಡಿ, "ಯಾರಿಗಾದ್ರೂ ಕಾಯ್ತಾ ಇದೀಯಾ?" ಎಂದು ಕೇಳಿದಳು. ಇಲ್ಲ ಎಂದೆ.

ನನ್ನ ಕನ್ನಡವೂ ಇಲ್ಲಿ ಅರ್ಧ ಮಾತ್ರ ಚಲಾವಣೆಯಾಗುತ್ತಿತ್ತು. ವಿಜಯನಗರದ ಮಾರ್ಕೆಟ್ಟಿನಲ್ಲಿ ಈರುಳ್ಳಿಯನ್ನು ಉಳ್ಳಾಗಡ್ಡಿ ಎಂದು ಕೇಳಿದರೆ ಅಂಗಡಿಯವನು ಬೆಳ್ಳುಳ್ಳಿ ತೋರಿಸಿದ.

"ಮೇಡಂ ಹುಬ್ಳಿನಾ?"

"ಅಲ್ಲ, ಇಳಕಲ್ಲ."

"ಅದೇ, ಹುಬ್ಳಿ ಕಡೆ" ಎಂದು ಅವನೇ ತೀರ್ಮಾನಿಸಿದ. ಶೇಂಗಾವನ್ನು ಕಡ್ಲೇಬೀಜ ಎನ್ನಲು ಕಲಿತೆ. ಸಾರಿಗೆ ಬೆಲ್ಲ ಹಾಕುವ ಈ ಊರನ್ನು ಮನಸ್ಸಿನಲ್ಲೇ ಬೈಯುತ್ತ ಉಣ್ಣಲು ಕಲಿತೆ. ಒಂದು ದಿನ ಬಸ್ಸಿನಲ್ಲಿ ನನಗೇ ಗೊತ್ತಿಲ್ಲದೆ "ಇಳ್ಕೊತೀನಿ ಸಾರ್, ಸ್ವಲ್ಪ ಜಾಗ ಬಿಡಿ" ಎಂದಾಗ ಯಾರೂ ತಿರುಗಿ ನೋಡಲಿಲ್ಲ. ಗೆದ್ದೆ ಅನ್ನಿಸಿತು. ಇಳಿದ ಮೇಲೆ, ನನ್ನ ಬಾಯಲ್ಲಿ ಬೇರೆ ಯಾರೋ ಮಾತನಾಡಿದ ಹಾಗಾಯಿತು.

ಎಲ್ಲಕ್ಕಿಂತ ನೋಯಿಸಿದ್ದು ವಿಶಾಲಾಕ್ಷಮ್ಮನ ಒಂದು ನಡವಳಿಕೆ. ಒಳ್ಳೆಯ ಹೆಂಗಸು. ಹಬ್ಬಕ್ಕೆ ಒಬ್ಬಟ್ಟು, ಮಳೆಗೆ ಬಿಸಿ ಬೋಂಡಾ ತಂದುಕೊಡುತ್ತಿದ್ದರು. ಆದರೆ ನನ್ನ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. "ಒಳಗ ಬರ್ರಿ" ಎಂದರೆ, "ಬೇಡಮ್ಮ, ಇಲ್ಲೇ ಸಾಕು" ಎಂದು ಕೈ ಮಾತ್ರ ಚಾಚುತ್ತಿದ್ದರು. ತಟ್ಟೆ ವಾಪಸ್ ಕೊಡುವಾಗಲೂ ಹಾಗೆಯೇ. ನನ್ನ ಜಾತಿಯನ್ನು ಲೆಕ್ಕ ಹಾಕಿರಬೇಕು ಎಂದುಕೊಂಡೆ. ಅವ್ವನಿಗೆ ಫೋನಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಆ ಹೊತ್ತಿಗೇ ಊರಿಗೆ ಬಾ ಎನ್ನುತ್ತಿದ್ದಳು.

ಅಷ್ಟರಲ್ಲಿ ನನ್ನದೇ ಒಂದು ಉತ್ತರ ಕಟ್ಟಿದ್ದೆ. 'ಹೊರಗಿನವಳು' ಎಂದರೆ ಮನೆಯ ಆಚೆಗೆ ನಡೆದವಳು, ಊರೂರು ತಿರುಗಿದವಳು. ಅಂಕಣ ಪ್ರತಿ ತಿಂಗಳೂ ತಪ್ಪದೆ ಬರುತ್ತಿತ್ತು. ನಡುವೆ ಒಂದೆರಡು ಸಲ ಮಾತ್ರ ವರ್ಷದಷ್ಟು ಉದ್ದದ ಬಿಡುವು. ಅವೇ ದೂರದ ಪ್ರವಾಸಗಳು. ವಯಸ್ಸಾದ ಮೇಲೆ ತಿರುಗಾಟ ನಿಂತಿತು, ಬರಹವೂ ನಿಂತಿತು. ಸೆಮಿನಾರಿನಲ್ಲಿ ಇದನ್ನೇ ಓದಿದೆ. ಚಪ್ಪಾಳೆಯೂ ಬಿತ್ತು. ಎಲ್ಲಿಗೆ ಪ್ರವಾಸ ಹೋದರು ಎಂದು ಒಬ್ಬರು ಕೇಳಿದ್ದಕ್ಕೆ, ಸಂಶೋಧನೆ ನಡೆದಿದೆ ಎಂದೆ. ಎಂ.ಎ. ಓದಿದವಳಿಗೆ ಇಷ್ಟೂ ಗೊತ್ತಾಗಲಿಲ್ಲವೇ ಎಂದು ಮೈಸೂರು ಕಡೆಯ ಓದುಗರು ಈಗಾಗಲೇ ನಗುತ್ತಿರಬಹುದು. ನಮ್ಮದು ಲಿಂಗ ಕಟ್ಟಿದ ಮನೆ. ಆ ಸೂತಕ ನಮಗಿಲ್ಲ. ಆ ಪದವೂ ಇಲ್ಲ.

ಪಕ್ಕದ ಸೈಟಿನ ಹಳೇ ಮನೆ ಕೆಡವಿ ನೆಲಮಾಳಿಗೆಗೆ ಗುಂಡಿ ತೋಡಲು ಶುರುಮಾಡಿದ್ದು ಆ ಮಳೆಗಾಲದಲ್ಲೇ. ಜೆಸಿಬಿ ನನ್ನ ಗೋಡೆಯ ಬುಡದವರೆಗೂ ಬಂತು. ಗೂಡಿನ ಮೂಲೆಯಿಂದ ಕೂದಲೆಳೆಯಂಥ ಬಿರುಕು ಹೊರಟು ನಿಧಾನವಾಗಿ ಕೆಳಗಿಳಿಯಿತು. ವಿಶಾಲಾಕ್ಷಮ್ಮ ಬೇಲಿಯ ಬಳಿ ನಿಂತು ಸೈಟಿನ ಸೂಪರ್‌ವೈಸರನ್ನು ತರಗತಿಯ ಹುಡುಗನ ಹಾಗೆ ವಿಚಾರಿಸಿದರು.

"ಟೆನ್ಷನ್ ತಗೋಬೇಡಿ ಆಂಟಿ, ನಾಳೆ ಸಪೋರ್ಟ್ ಕೊಡ್ತೀವಿ."

"ಎಷ್ಟು ಸಲ ನಾಳೆ ಅಂತೀಯಪ್ಪ?"

"ಇನ್ನೂ ನಾಳೆ ಬಂದಿಲ್ವಲ್ಲ ಆಂಟಿ" ಎಂದು ನಕ್ಕ ಅವನು, ಫೋನಿಗೆ ತಿರುಗಿ, "ಹೇಳು ಗುರು" ಎಂದ.

ಗೋಡೆ ಬಿದ್ದ ದಿನ, ಮಧ್ಯಾಹ್ನ ಊಟದ ಹೊತ್ತು. ಗುಂಡಿಯೊಳಗಿನ ಕೆಲಸದವರೆಲ್ಲ ರಸ್ತೆಯಾಚೆ ಟಾರ್ಪಾಲಿನ ಕೆಳಗೆ ಉಣ್ಣುತ್ತಿದ್ದರು. ಮಳೆ ನಿಂತು ಬಿಸಿಲು ಬಂದಿತ್ತು. ಆ ಗೋಡೆಗೆ ಒರಗಿ ಕೂತು ಅಂಕಣಗಳ ಜೆರಾಕ್ಸು ಓದುತ್ತಿದ್ದೆ. ಮೊದಲು ಒದ್ದೆ ಮಣ್ಣಿನ ವಾಸನೆ ಬಂತು. ಆಮೇಲೆ ಬೆನ್ನ ಹಿಂದಿನಿಂದ ಒಂದು ಸದ್ದು. ಸರಸರ, ಸರಸರ. ಅವ್ವ ಜೋಳದ ಹಿಟ್ಟನ್ನು ಜರಡಿಯಲ್ಲಿ ಸಾಣಿಸುವ ಸದ್ದು ಅದೇ. ಗೋಡೆಯೊಳಗೆ ಮರಳು ಜಾರುತ್ತಿದೆ ಎಂದು ನನ್ನ ತಲೆಗೆ ಹೋಗಲೇ ಇಲ್ಲ. ನಾನು ಕಣ್ಣು ಮುಚ್ಚಿ ಕೇಳುತ್ತ ಕೂತೆ. ಎಷ್ಟೋ ತಿಂಗಳಿಂದ ಈ ನಗರದಲ್ಲಿ ಕೇಳದಿದ್ದ ಮನೆಯ ಸದ್ದು ಕೇಳಿಸುತ್ತಿದೆ ಎಂದು ಸುಖಪಟ್ಟೆ. ಈಗ ನನ್ನನ್ನು ಬಿಡದಿರುವುದು ಅದೇ. ಸಾಯುವ ಜಾಗದಲ್ಲಿ ಕೂತು ನಾನು ಸುಖಪಡುತ್ತಿದ್ದೆ.

"ಆಚೆ ಬಾ" ಎಂದರು ಬಾಗಿಲಿನಿಂದ ವಿಶಾಲಾಕ್ಷಮ್ಮ.

"ಬಂದೆ" ಎಂದೆ. ಏಳಲಿಲ್ಲ. ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಅವರು ಹೊಸ್ತಿಲ ಮೇಲೆ ನಿಂತಿದ್ದರು. ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದರು. ಅವರ ಕಣ್ಣು ನನ್ನ ತಲೆಯ ಮೇಲಿನ ಗೋಡೆಯ ಕಡೆಗಿತ್ತು. ಮುಖ ಬಿಳಿಚಿಕೊಂಡಿತ್ತು. ಆಮೇಲೆ ಆ ಕೈ ಚೌಕಟ್ಟನ್ನು ಬಿಟ್ಟಿತು. ಅವರು ಒಳಗೆ ಬಂದರು. ನನ್ನ ಮುಂಗೈ ಹಿಡಿದು, ಮೂಟೆ ಎಳೆದ ಹಾಗೆ ಎಳೆದರು. ಮೆಟ್ಟಿಲಿನ ಮೇಲೆ ಇಬ್ಬರೂ ಮುಗ್ಗರಿಸಿದೆವು. ಹಿಂದೆ ದೊಡ್ಡ ಸದ್ದೇನೂ ಆಗಲಿಲ್ಲ, ಆಗಿದ್ದರೆ ಮರೆಯಬಹುದಿತ್ತು. ಯಾರೋ ಉಸಿರು ಬಿಟ್ಟ ಹಾಗೆ ಒಂದು ಸದ್ದು. ತಿರುಗಿ ನೋಡಿದರೆ ಗೋಡೆ ಇರಲಿಲ್ಲ. ನಾನು ಒರಗಿ ಕೂತಿದ್ದ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಅದರ ಕೆಳಗೆ ಗುಂಡಿ, ಗುಂಡಿಯಲ್ಲಿ ನನ್ನ ಹಾಸಿಗೆ. ಹಂಚುಗಳು ಒಂದೊಂದಾಗಿ, ಅವಸರವಿಲ್ಲದೆ, ಜಾರಿ ಅದರ ಮೇಲೆ ಬೀಳುತ್ತಿದ್ದವು.

ಎದುರು ಮನೆಯವರು ನಮ್ಮನ್ನು ರಸ್ತೆ ದಾಟಿಸಿ ಕರೆದೊಯ್ದರು. ಅವರ ಬಾಗಿಲ ಮೆಟ್ಟಿಲ ಮೇಲೆ ವಿಶಾಲಾಕ್ಷಮ್ಮ ಕೂತರು. ಯಾರೋ ಕಾಫಿ ಕೊಟ್ಟರು. ನಾನು ಲೋಟ ಹಿಡಿದು ನಿಂತೇ ಇದ್ದೆ.

"ಕೂತ್ಕೋ."

ನಾನು ಕೂರಲಿಲ್ಲ.

"ಕೂತ್ಕೊಳ್ಳೇ, ಕೂತು ಕಾಫಿ ಕುಡಿ."

"ಹೊರಗ ಕುಂದರಬ್ಯಾಡ ಅಂದೀರಲ್ರಿ."

ಅದು ಜಾಣತನದ ಮಾತಾಗಿರಲಿಲ್ಲ. ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಉಳಿದಿದ್ದದ್ದು ಅದೊಂದೇ ನಿಯಮ. ವಿಶಾಲಾಕ್ಷಮ್ಮ ನನ್ನನ್ನೇ ನೋಡಿದರು. ತುಟಿ ಅದುರಿತು. ಅಳುತ್ತಾರೆ ಎಂದುಕೊಂಡೆ. ನಕ್ಕರು. ಕಾಫಿ ಸೀರೆಯ ಮೇಲೆ ಚೆಲ್ಲುವಷ್ಟು ನಕ್ಕರು.

"ಅಯ್ಯೋ ಹುಚ್ಚು ಮುಂಡೇದೇ. ಅದಕ್ಕೇನೇ ಇಷ್ಟು ದಿನ ನಿಂತ್ಕೊಂಡು ಟೀ ಕುಡೀತಿದ್ದಿದ್ದು? ಹೊರಗೆ ಅಂದ್ರೆ ತಿಂಗಳಿಂದು ಕಣೇ, ಮುಟ್ಟು. ನಮ್ಮಲ್ಲಿ ಹಾಗನ್ನೋದು. ನೀನು ದಿನಾ ಅಂದಾಗ್ಲೇ ನಂಗೆ ಅನುಮಾನ ಬಂತು, ಇದೇನು ಕಾಯಿಲೆ ಈ ಹುಡುಗೀಗೆ ಅಂತ."

ನಾನೂ ನಗಬೇಕಿತ್ತು. ಬದಲಿಗೆ, ಗೋಡೆಯ ಜೊತೆ ಇನ್ನೂ ಏನೇನೋ ಕುಸಿಯುತ್ತಿರುವ ಹಾಗಾಯಿತು. 'ಹೊರಗಿನವಳು'. ಪ್ರತಿ ತಿಂಗಳೂ ತಪ್ಪದ ಅಂಕಣ. ನಲವತ್ತೈದರ ಮೌನ.

"ಸುಭದ್ರಮ್ಮನೋರು..." ಎಂದೆ.

ಅವರು ನಗು ನಿಲ್ಲಿಸಿದರು. ಗುಂಡಿಯ ಕಡೆ ನೋಡುತ್ತ, ಯಾರಿಗೋ ಲೆಕ್ಕ ಬಿಡಿಸಿ ಹೇಳುವ ಹಾಗೆ ಹೇಳತೊಡಗಿದರು.

"ಅದೇ ರೂಮು. ತಿಂಗಳಿಗೆ ಮೂರು ದಿನ ಅಮ್ಮ ಅಲ್ಲಿರೋಳು, ಬರೀತಾ. ಅಡುಗೆ ಇಲ್ಲ, ನೀರು ಸೇದೋದಿಲ್ಲ, ಯಾರೂ ಕರೆಯೋ ಹಾಗಿಲ್ಲ. ಅವಳು ಮುಟ್ಟಿದ ಕಾಗದಾನೂ ಯಾರೂ ಮುಟ್ಟೋ ಹಾಗಿಲ್ಲ. ಅಪ್ಪಾನೂ ಓದೋ ಹಾಗಿಲ್ಲ. ಪೋಸ್ಟ್‌ಮ್ಯಾನ್ ಬಂದ್ರೆ ಕಿಟಕಿಯಿಂದ ಕೊಟ್ಬಿಡೋಳು. ಪತ್ರಿಕೇಲಿ ಹೊರಗಿನವಳು ಅಂತ ಬಂದಾಗ ಬೀದಿ ಹೆಂಗಸ್ರೆಲ್ಲ ಸೆರಗು ಬಾಯಿಗಿಟ್ಕೊಂಡು ನಗೋರು. ಗಂಡಸ್ರಿಗೆ ಗೊತ್ತಾದ್ರೂ ಬಾಯಿಬಿಟ್ಟು ಹೇಳೋ ಹಾಗಿಲ್ವಲ್ಲ."

"ನಡುವ ವರ್ಷಗಟ್ಟಲೆ ಬರದಿಲ್ರಿ. ಪ್ರವಾಸ ಅಂತ ನಾ ಸೆಮಿನಾರಿನ್ಯಾಗ..."

"ಯಾವ ಪ್ರವಾಸ? ಬಸುರಿ, ಬಾಣಂತಿ. ಆ ಗ್ಯಾಪು ನಾನು ಕಣೇ. ಇನ್ನೊಂದು ನನ್ನ ತಮ್ಮ."

ನಾನು ಕೂತೆ.

"ಬಾಗಿಲಲ್ಲಿ ನಿಂತು ನೋಡ್ತಿದ್ದೆ. ದಾಟಂಗಿಲ್ಲ, ಮುಟ್ಟಂಗಿಲ್ಲ. ಮೂರು ದಿನ ಅಮ್ಮ ಇಲ್ಲ ಅಂತ ನಾನು ಅಳೋದು. ಅವಳು ತಲೆ ಎತ್ತಿ ನೋಡೋಳು, ಹೋಗು ಅಜ್ಜಿ ಹತ್ರ ಅಂತ ಕಣ್ಣಲ್ಲೇ ಹೇಳೋಳು. ಆ ಮುಖದಲ್ಲಿ ಎಷ್ಟು ಸಂತೋಷ ಗೊತ್ತಾ? ಅಡುಗೆಮನೇಲಿ ಆ ಮುಖ ಯಾವತ್ತೂ ನೋಡ್ಲಿಲ್ಲ ನಾನು. ಹೊಸ್ತಿಲ ತನಕ ಬಂದು ಮಾತಾಡಬಹುದಿತ್ತು. ಬರ್ಲಿಲ್ಲ. ಆಮೇಲೆ ಅದು ನಿಂತೋಯ್ತು. ಸುಳ್ಳು ಹೇಳಿ ಒಂದೆರಡು ತಿಂಗಳು ಹೋಗಿ ಕೂತ್ಲು. ಹಿತ್ತಲಲ್ಲಿ ಬಟ್ಟೆ ಒಣಗ್ತಾ ಇಲ್ಲ ಅಂತ ಅಜ್ಜಿ ಕಂಡುಹಿಡಿದ್ಲು. ಅವತ್ತು ಒಳಗೆ ಬಂದೋಳು ಆಮೇಲೆ ಬರೀಲೇ ಇಲ್ಲ. ನಂಗೆ ಅಮ್ಮ ಸಿಕ್ಕಿದ್ಲು. ಅಷ್ಟು ಹೊತ್ತಿಗೆ ನನಗೆ ಮದುವೆ ಗೊತ್ತಾಗಿತ್ತು."

ಲೋಟ ಕೆಳಗಿಟ್ಟು, "ಇವತ್ತೇ ನಾನು ಆ ರೂಮಿನೊಳಗೆ ಕಾಲಿಟ್ಟಿದ್ದು" ಎಂದರು.

ಮನೆ ಅಪಾಯದಲ್ಲಿದೆ ಎಂದು ಖಾಲಿ ಮಾಡಿಸಿದರು. ದೀಪಾ ತಾಯಿಯನ್ನು ಕರೆದುಕೊಂಡು ಚಂದ್ರಾ ಲೇಔಟಿನ ಬಾಡಿಗೆ ಮನೆಗೆ ಹೋದಳು. ನಾನು ಕೆಂಗೇರಿಗೆ ಬಂದೆ. ಇಲ್ಲಿ ಎಲ್ಲವೂ ಹೊಸದು, ಗೋಡೆಗಳೂ ಹೊಸವು. ಆದರೂ ಮಂಚವನ್ನು ಕೋಣೆಯ ನಡುವೆ ಹಾಕಿದ್ದೇನೆ. ಬಿರುಕಿಲ್ಲದ ಗೋಡೆಯ ಮೇಲೆ ಕಣ್ಣು ನಿಲ್ಲುವುದಿಲ್ಲ, ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತದೆ. ಮೆಟ್ರೋ ಹಾದುಹೋದಾಗ ಕಿಟಕಿಯ ಗಾಜು ಸ್ವಲ್ಪ ನಡುಗಿದರೂ ಎದ್ದು ನಿಂತಿರುತ್ತೇನೆ, ಕೈಯಲ್ಲಿ ಹಾಳೆಗಳಿರುತ್ತವೆ. ಬಂದೆ, ಎನ್ನುತ್ತೇನೆ, ಯಾರೂ ಕರೆಯದಿದ್ದರೂ.

ಕೆಲವು ವಾರ ಬಿಟ್ಟು ಚಂದ್ರಾ ಲೇಔಟಿಗೆ ಹೋಗಿ ಕೇಳಿದೆ, ಇದನ್ನು ಬರೆಯಬಹುದೇ ಎಂದು. ವಿಶಾಲಾಕ್ಷಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಂದೆಯೂ ಒಂದು ಹಿಡಿ ಸುರಿದರು.

"ಬರಿ. ಆದ್ರೆ ಆ ರೂಮು ಕೆಟ್ಟದ್ದು ಅಂತ ಬರೀಬೇಡ. ಒಳ್ಳೇದಿತ್ತು ಅಂತಾನೂ ಬರೀಬೇಡ."

"ಮತ್ತೇನ್ ಬರೀಲ್ರಿ?"

"ಇತ್ತು ಅಂತ ಬರಿ."

ಹಾಗೆಯೇ ಬರೆಯಲು ಪ್ರಯತ್ನಿಸಿದೆ. ಗೈಡ್ ಓದಿ, "ಈಗ ಇದು ಥೀಸಿಸ್" ಎಂದರು. ಫೆಲೋಶಿಪ್ ಮುಂದುವರಿಯಿತು. ನಾನು ಈ ಊರಲ್ಲಿ ಉಳಿಯುವುದು ಖಾತ್ರಿಯಾಯಿತು.

ಆ ಸುದ್ದಿ ಹೇಳಲು ಇಳಕಲ್ಲಿಗೆ ಹೋದೆ. ಹೋದ ದಿನವೇ ಅವ್ವ ಹಿಟ್ಟು ಸಾಣಿಸಲು ಕೂತಳು. ನಾನು ಉಟ್ಟ ಬಟ್ಟೆಯಲ್ಲೇ ಬೀದಿಗೆ ಓಡಿದೆ. ಓಣಿಯವರು ಏನಾತು, ಏನಾತು ಎಂದು ಕೂಡಿದರು. ಏನಿಲ್ಲ ಕಣ್ರಿ, ಎಂದೆ. "ಕಣ್ರಿ ಅಂತ ನೋಡವ್ವಾ ಬೆಂಗಳೂರಾಕಿ" ಎಂದು ಹುಡುಗಿಯರು ನಕ್ಕರು. ಹುಟ್ಟಿದ ಮನೆಯ ಮಣ್ಣಿನ ಗೋಡೆಗೆ ಬೆನ್ನು ಕೊಡಲು ನನಗಾಗಲಿಲ್ಲ.

ಅವ್ವನಿಗೆ ಸುಭದ್ರಮ್ಮನ ಕಥೆ ಹೇಳಿದೆ. ಅವಳು ರಾಟಿ ತಿರುಗಿಸುತ್ತ, ಮಗ್ಗಕ್ಕೆ ಬೇಕಾದ ಕಂಡಿಕೆಗೆ ರೇಷ್ಮೆ ಸುತ್ತುತ್ತ ಕೇಳಿದಳು.

"ಪಾಪ. ಮನಿ ಹೆಣ್ಣಮಗಳನ್ನ ಹೊರಗ ಹಾಕೂದಂದ್ರ ಏನು? ನಮ್ಮಾಗ ಅವೆಲ್ಲಾ ಇಲ್ಲ" ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಅದು ನನ್ನ ಹೆಮ್ಮೆಯೂ ಆಗಿತ್ತು.

"ಮತ್ತ ಆ ಮೂರು ದಿನ ನೀ ಏನ್ ಮಾಡ್ತಿದ್ದಿ?"

"ಏನ್ ಮಾಡ್ತಾರ? ಇದನ್ನ." ರಾಟಿಯ ಕಡೆ ಗದ್ದ ತೋರಿಸಿದಳು.

"ಎಂದರ ಒಬ್ಬಾಕೀನ ಕುಂತೀಯೇನವ್ವಾ, ಯಾರೂ ಕರೀದಂಗ?"

"ನಿನ್ನ ಹಡದಾಗ ಕುಂತಿದ್ದೆ. ನೀ ಎಲ್ಲಿ ಕುಂದರಗೊಟ್ಟಿ?" ನಕ್ಕಳು.

"ಕುಂತಿದ್ರ ಏನ್ ಮಾಡ್ತಿದ್ದಿ?"

ರಾಟಿ ನಿಂತಿತು. ನನಗೆ ನೆನಪಿರುವ ಮಟ್ಟಿಗೆ, ಮಾತನಾಡುವಾಗ ಅವಳ ರಾಟಿ ನಿಂತದ್ದು ಅದೊಂದೇ ಸಲ. ಎಳೆಯನ್ನು ಬೆರಳಿನಲ್ಲಿ ಹಿಡಿದುಕೊಂಡೇ ಅವಳು ಯೋಚಿಸಿದಳು. ನಾನು ಕಾದೆ. ಒಬ್ಬ ಲೇಖಕಿಯ ಮೌನಕ್ಕೆ ಉತ್ತರ ಹುಡುಕಲು ಊರು ಬಿಟ್ಟು ಹೋದವಳು ನಾನು. ಈ ಮೌನದ ಎದುರಿಗೇ ಹುಟ್ಟಿ ಬೆಳೆದು, ಒಂದು ಸಲವೂ ಕೇಳಿರಲಿಲ್ಲ.

"ಏನರ ಒಂದು ಮಾಡತಿದ್ದೆ ಬಿಡು" ಎಂದಳು ಅವ್ವ. ರಾಟಿ ಮತ್ತೆ ತಿರುಗಿತು. "ನಿನ್ನ ಬಸ್ಸು ಎಷ್ಟಕ್ಕ?"